ರೇಸ್‌ನಲ್ಲಿ ನಡೆದೇ ಹೋಗೋರು

ಓಡೋ ರೇಸ್‌ನಲ್ಲಿ ನಡ್ಕೊಂಡು ಹೋದ್ರೆ ಆಗುತ್ತಾ?
ಅಮೆರಿಕದ ಸ್ಪೊಕೇನ್ ಊರಲ್ಲಿ ಧಾರಾಳವಾಗಿ ಆಗುತ್ತೆ!
ಅಲ್ಲಿ 1977ರಲ್ಲಿ ಶುರುವಾದ ಬ್ಲೂಮ್ಸ್‌ಡೇ ರೇಸ್ ಇದೆ.
12 ಕಿಲೋಮೀಟರ್.
ಸಾವಿರಾರು ಜನ ನಡೆದೇ ಮುಗಿಸ್ತಾರೆ.

ಆದ್ರೆ ಲೂಪಸ್, ಸಂಧಿವಾತದಂಥ ಕಾಯಿಲೆ ಇರೋ ಎಷ್ಟೋ ಜನಕ್ಕೆ
ದೂರಕ್ಕಿಂತ ಮಾರನೇ ದಿನದ ಸುಸ್ತಿನದ್ದೇ ಚಿಂತೆ.
ಆ ಸುಸ್ತು ಮೀಟರ್ ಬಡ್ಡಿ ಸಾಲ ಇದ್ದ ಹಾಗೆ.
ಇವತ್ತು ಕೇಳಿದಷ್ಟು ಸಿಗುತ್ತೆ.
ನಾಳೆ, ನಾಡಿದ್ದು
ಬಾಗಿಲು ಬಡಿಯುತ್ತೆ.

ಅದಕ್ಕೇ, ಸುಸ್ತಾಗೋಕೆ ಮೊದಲೇ ಕೂತ್ಕೊಳ್ಳಿ.
ಆದ್ಮೇಲಲ್ಲ!
ಡಾಕ್ಟರನ್ನ ಮುಂಚೆನೇ ಕೇಳಿ.
ಮಾತ್ರೆ ಜೇಬಲ್ಲಿರಲಿ.
ಮಾರನೇ ದಿನ ರಜೆ ಹಾಕಿ.

ಇನ್ನು ಬ್ಲೂಮ್ಸ್‌ಡೇಲಿ ಅರ್ಧ ದಾರಿ ದಾಟಿದ್ಮೇಲೆ
ಡೂಮ್ಸ್‌ಡೇ ಅನ್ನೋ ದೊಡ್ಡ ಏರು.
ಮೇಲೆ ರಣಹದ್ದಿನ ವೇಷದವರು ಕಾಯ್ತಿರ್ತಾರೆ!
ತಮಾಷೆಗೇ, ಹೆದರ್ಬೇಡಿ.

ಗೆದ್ದೋರಿಗೂ, ಕೊನೇಲಿ ಬಂದೋರಿಗೂ ಅದೇ ಟೀ ಶರ್ಟ್.
ಅದರ ಮೇಲೇನಿದೆ ಅನ್ನೋದು
ರೇಸ್ ಮುಗಿಸೋವರೆಗೂ ಗುಟ್ಟು!