ಹೆಸರಿನೊಳಗಣ ಒಗಟು

ಅಮೆರಿಕಾ ದೇಶದ ಜಾಸ್ ಸಂಗೀತದ ಮಾತೆತ್ತಿದೊಡನೆಯೇ ನಮ್ಮ ವಾಚಕರಲ್ಲಿ ಕೆಲವರು ಕಿವಿ ಮುಚ್ಚಿಕೊಳ್ಳಬಹುದು. ನಾವೂ ಬಹುಕಾಲ ಅಂತಹವರ ಪಂಕ್ತಿಯಲ್ಲಿಯೇ ಕುಳಿತಿದ್ದವರು. ಪಾಠಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ನಿವೃತ್ತರಾದ ನಮಗೆ ಇನ್ನೊಂದು ಅಭಿಮಾನವೂ ಇದ್ದಿತು. ಮಮ್ಮಟನು ಚಿತ್ರಕಾವ್ಯವನ್ನು ಅಧಮವೆಂದು ಎಣಿಸಿರುವನಷ್ಟೆ. ಅಕ್ಷರಗಳ ಆಟವು ಬುದ್ಧಿಗೆ ಕಸರತ್ತೇ ಹೊರತು ಹೃದಯಕ್ಕೆ ಆಹಾರವಲ್ಲವೆಂದು ನಾವು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದೆವು. ಈ ಎರಡು ಅಭಿಪ್ರಾಯಗಳೂ ಒಂದೇ ಸಂಜೆ ಸಡಿಲಗೊಂಡ ಬಗೆಯನ್ನು ಇಲ್ಲಿ ನಿವೇದಿಸುವೆವು.

ನಮ್ಮ ತಮ್ಮನ ಮಗನಿಗೆ ಈ ಸಂಗೀತದಲ್ಲಿ ಬಲು ಆಸಕ್ತಿ. “ದೊಡ್ಡಪ್ಪ, ರಾಗ ಹಿಡಿಸದಿದ್ದರೆ ಬೇಡ, ಹೆಸರುಗಳನ್ನಾದರೂ ಕೇಳಿ. ನಿಮ್ಮ ಪ್ರಹೇಲಿಕೆಗಳಿಗೆ ಇವು ಸೋದರರು” ಎಂದನು. ದಂಡಿಯ ಕಾವ್ಯಾದರ್ಶದ ಮೂರನೆಯ ಪರಿಚ್ಛೇದವನ್ನು ಕಂಠಪಾಠ ಮಾಡಿದವರಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ?

ಮೊದಲು ಅಲ್ಲಿಯ ಒಂದು ಪದ್ಧತಿಯನ್ನು ತಿಳಿಯತಕ್ಕದ್ದು. ನಮ್ಮ ನಾಟಕದ ಕಂಪೆನಿಗಳಲ್ಲಿ ಹಳೆಯ ಮಟ್ಟಿಗೆ ಹೊಸ ಮಾತುಗಳನ್ನು ಹೊಂದಿಸಿ ಹಾಡುತ್ತಿದ್ದರು. ಜಾಸ್ ವಾದಕರು ಮಾಡಿದುದು ಬೇರೆ. ಪ್ರಸಿದ್ಧವಾದ ಹಾಡಿನ ಮಟ್ಟನ್ನು ಬಿಟ್ಟು, ಅದಕ್ಕೆ ಆಧಾರವಾದ ಸ್ವರಮೇಳಗಳ ಸರಣಿಯನ್ನು ಮಾತ್ರ ಉಳಿಸಿಕೊಂಡು, ಅದರ ಮೇಲೆ ಹೊಸ ಮಟ್ಟನ್ನು ಕಟ್ಟಿದರು. ಹಳೆಯ ತಳಹದಿಯ ಮೇಲೆ ಹೊಸ ಮನೆ. ಅಲ್ಲಿಯ ಕಾನೂನು ಮಟ್ಟಿಗೆ ಒಡೆತನವನ್ನು ಕೊಡುವುದು, ಸಾಮಾನ್ಯವಾದ ಸ್ವರಮೇಳಗಳ ಸರಣಿಗೆ ಕೊಡದು. ಆದಕಾರಣ ಹಳೆಯ ಹಾಡಿನ ಒಡೆಯನಿಗೆ ಹಣ ಸಲ್ಲಬೇಕಾಗಿರಲಿಲ್ಲ. ಆದರೂ ಬಲ್ಲವರು ಮೂಲವನ್ನು ಗುರುತಿಸಿ ನಗಲೆಂದು ಕೆಲವರು ಹೆಸರಿನಲ್ಲಿ ಸುಳುಹನ್ನು ಅಡಗಿಸಿದರು.

ಥೆಲೋನಿಯಸ್ ಮಂಕ್ ಎಂಬ ಪಿಯಾನೋ ವಾದಕನು 1948ರಲ್ಲಿ ನುಡಿಸಿದ ‘ಎವಿಡೆನ್ಸ್’, ಎಂದರೆ ‘ಸಾಕ್ಷ್ಯ’, ಎಂಬುದನ್ನು ನೋಡಿರಿ. ಅದರ ತಳಹದಿ 1929ರ ‘ಜಸ್ಟ್ ಯೂ, ಜಸ್ಟ್ ಮಿ’ ಎಂಬ ಪ್ರಣಯಗೀತ. ನೀನೂ ನಾನೂ ಮಾತ್ರವೆಂದರೆ ‘ಜಸ್ಟ್ ಅಸ್’. ಅದನ್ನು ಬೇಗನೆ ಉಚ್ಚರಿಸಿದರೆ ‘ಜಸ್ಟಿಸ್’, ಅಂದರೆ ನ್ಯಾಯ. ನ್ಯಾಯಕ್ಕೆ ಬೇಕಾದುದು ಸಾಕ್ಷ್ಯ. ಚಾರ್ಲಿ ಪಾರ್ಕರನಿಗೆ ‘ಬರ್ಡ್’, ಅಂದರೆ ಹಕ್ಕಿ, ಎಂದು ಅಡ್ಡಹೆಸರು. ಚಂದ್ರನೆಷ್ಟು ಎತ್ತರವೆಂದು ಕೇಳುವ ‘ಹೌ ಹೈ ದಿ ಮೂನ್’ ಹಾಡಿನ ಸರಣಿಯ ಮೇಲೆ ಅವನು 1946ರಲ್ಲಿ ನುಡಿಸಿದ ಕೃತಿಯ ಹೆಸರು ‘ಆರ್ನಿಥಾಲಜಿ’, ಎಂದರೆ ಪಕ್ಷಿಶಾಸ್ತ್ರ!

ಸನಿ ರಾಲಿನ್ಸನು ರಚಿಸಿ 1954ರಲ್ಲಿ ಧ್ವನಿಮುದ್ರಿತವಾದ ‘ಐರೆಜಿನ್’ ನಮ್ಮ ಗತಪ್ರತ್ಯಾಗತದ ಜಾತಿಗೆ ಸೇರಿದುದು. ಅದರ ಇಂಗ್ಲಿಷ್ ಅಕ್ಷರಗಳನ್ನು ಕಡೆಯಿಂದ ಓದಿದರೆ ನೈಜೀರಿಯಾ. ಆ ದೇಶಕ್ಕೆ ಆಗ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಅದು ಬಂದುದು 1960ರಲ್ಲಿ. ಆಫ್ರಿಕಾದಿಂದ ಸಂಕೋಲೆಯಲ್ಲಿ ಒಯ್ಯಲ್ಪಟ್ಟವರ ಸಂತತಿಯವನೊಬ್ಬನು ಹೆಸರನ್ನು ಹಿಂದುಮುಂದಾಗಿ ಬರೆದುದರಲ್ಲಿ, ಬಂದ ದಾರಿಯನ್ನು ಹಿಂದಿರುಗಿ ನೋಡುವ ಭಾವವಿರುವುದೆಂದು ನಮಗೆ ತೋರಿತು. ಇಲ್ಲಿಯವರೆಗೆ ನಗುತ್ತಿದ್ದ ನಾವು ಮೌನವಾದೆವು.

ಆಗ ಹುಡುಗನು ಬಿಲ್ ಇವಾನ್ಸನ ಎರಡು ಹೆಸರುಗಳನ್ನು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಟ್ಟನು. ಮೊದಲನೆಯದು ‘ರೀ: ಪರ್ಸನ್ ಐ ನ್ಯೂ’, ‘ನಾನು ಅರಿತಿದ್ದವನ ವಿಷಯ’. ಅಕ್ಷರಗಳನ್ನು ಕದಲಿಸಿ ಜೋಡಿಸಿದರೆ ಅವನ ಧ್ವನಿಮುದ್ರಿಕೆಗಳನ್ನು ಹೊರತಂದ ಆರಿನ್ ಕೀಪ್‌ನ್ಯೂಸನ ಹೆಸರು. ಎರಡನೆಯದು ‘ಎನ್.ವೈ.ಸಿ.ಸ್ ನೋ ಲಾರ್ಕ್’. ‘ಲಾರ್ಕ್’ ಎಂದರೆ ಹಾಡುಹಕ್ಕಿ, ವಿನೋದವೆಂದೂ ಅರ್ಥ. ನ್ಯೂಯಾರ್ಕ್ ನಗರವು ವಿನೋದದ ಸ್ಥಳವಲ್ಲವೆಂಬ ಶ್ಲೇಷೆ. ಆ ಹತ್ತು ಅಕ್ಷರಗಳನ್ನು ನಾವು ಒಂದೊಂದಾಗಿ ಹೊಡೆದುಹಾಕುತ್ತ ಜೋಡಿಸಿದಾಗ ಹೊರಟುದು ಸನಿ ಕ್ಲಾರ್ಕ್ ಎಂಬ ಹೆಸರು. ಈ ಪಿಯಾನೋ ವಾದಕನು 1963ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡನು, ವಯಸ್ಸು 31. ಮಾದಕದ್ರವ್ಯದ ವ್ಯಸನಕ್ಕೆ ಅವನೂ ಇವಾನ್ಸನೂ ತುತ್ತಾಗಿದ್ದವರು. ಮುಂದಿನ ತಿಂಗಳಿನಲ್ಲಿಯೇ ಇವಾನ್ಸನು, ತನ್ನ ವಾದನದ ಮೇಲೆ ತನ್ನದೇ ವಾದನವನ್ನು ಮತ್ತೆ ಮತ್ತೆ ಮುದ್ರಿಸಿ ಮೂರು ಪಿಯಾನೋಗಳಾಗಿ ಕೇಳಿಸಿದ ಸಂಪುಟದಲ್ಲಿ ಈ ಕೃತಿಯನ್ನು ಸೇರಿಸಿದನು. ಸತ್ತ ಮಿತ್ರನ ಹೆಸರನ್ನು ಅವನು ಕೂಗಿ ಕರೆಯಲಿಲ್ಲ; ಒಗಟಿನಲ್ಲಿ ಮುಚ್ಚಿಟ್ಟನು. ಹುಡುಕುವಷ್ಟು ಪ್ರೀತಿಯುಳ್ಳವರಿಗೆ ಮಾತ್ರ ಅದು ದೊರೆಯುವುದು.

ಅಂದು ರಾತ್ರಿ ನಾವು ಕಾವ್ಯಪ್ರಕಾಶವನ್ನು ಮತ್ತೆ ತೆರೆದೆವು. ಮಮ್ಮಟನು ಅಧಮವೆಂದುದು ವ್ಯಂಗ್ಯವಿಲ್ಲದ ಚಿತ್ರವನ್ನು. ‘ವ್ಯಂಗ್ಯವಿಲ್ಲದ’ ಎಂಬ ಆ ವಿಶೇಷಣವನ್ನು ತರಗತಿಯಲ್ಲಿ ನಾವು ಅವಸರದಿಂದ ದಾಟಿಬಿಡುತ್ತಿದ್ದೆವು. ಆಚಾರ್ಯನ ಮಾತು ಸರಿಯಾಗಿಯೇ ಇದೆ. ತಪ್ಪಿದುದು ಉಪಾಧ್ಯಾಯನ ಪಾಠ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಪುಟವನ್ನು ಓದಿದರೆ, ತಮ್ಮ ಟಿಪ್ಪಣಿಪುಸ್ತಕದಲ್ಲಿ ಆ ಒಂದು ಪದವನ್ನು ದಯಮಾಡಿ ಸೇರಿಸಿಕೊಳ್ಳಲಿ.