ಬೀಗ ಬಿದ್ದ ಮನೆಗೆ ರಿಪೇರಿ ಯಾರ ಲೆಕ್ಕಕ್ಕೆ?

ಮಾನ್ವಿ: ಸಾಲ ತೀರದೆ ಬ್ಯಾಂಕು ಬೀಗ ಜಡಿದ ಮನೆಗೆ ಮೊದಲು ಬರೋದು ಗಿರಾಕಿಯಲ್ಲ, ಮಳೆ. ಮಾಳಿಗೆ ಸೋರತದ, ಬಾಗಿಲಿಗೆ ಗೆದ್ದಲು ಹತ್ತತದ. ರಿಪೇರಿ ಮಾಡಿಸಿ ಹರಾಜು ಹಾಕಿದರೆ ಲಾಭವಲ್ಲವೇ?

2002ರ ಸರ್ಫೇಸಿ ಕಾಯ್ದೆಯಡಿ ವಶಕ್ಕೆ ಪಡೆದ ಆಸ್ತಿಯನ್ನು ಬ್ಯಾಂಕು ಜೋಪಾನ ಮಾಡಬೇಕು. ಮಾರೋದು ಮಾತ್ರ ಸಾಮಾನ್ಯವಾಗಿ ‘ಇದ್ದಲ್ಲಿ ಇದ್ದಂತೆ’. ಕೂಡಲೇ ಶೇ. 25, ಹರಾಜು ಖಾಯಂ ಆದ 15 ದಿನಕ್ಕೆ ಬಾಕಿ ಶೇ. 75 ಕಟ್ಟುವವನು ರಿಪೇರಿ ಖರ್ಚು ಕಳೆದೇ ಬೆಲೆ ಹಾಕ್ತಾನ.

ಬಂದ ಹಣದಲ್ಲಿ ಮೊದಲು ಮುರಿದುಕೊಳ್ಳೋದು ಬ್ಯಾಂಕಿನ ಖರ್ಚು, ಆಮೇಲೆ ಸಾಲ. ಮಿಕ್ಕಿದರಷ್ಟೇ ಮನೆ ಕಳಕೊಂಡವನಿಗೆ. ಸುರಿದ ರಿಪೇರಿ ದುಡ್ಡು ಬೆಲೆಯಲ್ಲಿ ಹುಟ್ಟದಿದ್ದರೆ ಪೆಟ್ಟು ಅವನಿಗೇ. ಸೋರುವ ಮಾಳಿಗೆ ಮುಚ್ಚಿಸಲಿ, ಬೇಕು. ಬಣ್ಣ, ಟೈಲ್ಸು ಕೊಂಡವನ ಪಾಡು. ಕೊಳ್ಳೋರೇ, ಒಳಗೆ ಹೊಕ್ಕು ತಲೆ ಎತ್ತಿ ನೋಡ್ರಿ. ಮನೆ ತೆರಿಗೆ, ಕರೆಂಟು ಬಾಕಿಯನ್ನೂ ಕೇಳ್ರಿ.