ನಿಮಗಿದು ಗೊತ್ತೇ? ಅಂಚೆಚೀಟಿ ಕೊರೆದ ಕೈಗಳು

ಅಂಚೆಚೀಟಿಗಳನ್ನು ಆಲ್ಬಮ್‌ನಲ್ಲಿ ದೇಶವಾರು ಜೋಡಿಸುವುದು ವಾಡಿಕೆ. ಆದರೆ ಉಕ್ಕಿನ ಮೇಲೆ ಉಳಿ ಹಿಡಿದು ಆ ಚಿತ್ರಗಳನ್ನು ಕೊರೆದವರು ಗಡಿಗಳಿಗೆ ಕಟ್ಟುಬಿದ್ದವರಲ್ಲ. ಅವರ ಹೆಸರು ಹಿಡಿದು ಹುಡುಕಿದರೆ, ಬೇರೆ ಬೇರೆ ದೇಶಗಳ ಚೀಟಿಗಳು ಒಂದೇ ಪುಟಕ್ಕೆ ಬಂದು ಕೂರುತ್ತವೆ!

ಮೊದಲ ಚೀಟಿ, ಮೊದಲ ಗೀರು

● ಜಗತ್ತಿನ ಮೊದಲ ಅಂಚೆಚೀಟಿ, 1840ರ ಪೆನ್ನಿ ಬ್ಲ್ಯಾಕ್‌ನಲ್ಲಿರುವ ವಿಕ್ಟೋರಿಯಾ ರಾಣಿಯ ಮುಖವನ್ನು ಕೊರೆದವರು ತಂದೆ ಮತ್ತು ಮಗ: ಚಾರ್ಲ್ಸ್ ಹೀತ್, ಫ್ರೆಡರಿಕ್ ಹೀತ್. ಅವರಿಗೆ ಮಾದರಿಯಾದದ್ದು ವಿಲಿಯಂ ವಯನ್ ರೂಪಿಸಿದ ಪದಕದ ಮೇಲಿನ ರಾಣಿಯ ಚಿತ್ರ.

● ಅಂಚೆಚೀಟಿಗೆ ಮುಖವೇ ಏಕೆ? ನಕಲಿ ತಡೆಯಲು! ಹೂವಿನ ಎಸಳು ತುಸು ಓರೆಯಾದರೆ ಯಾರಿಗೂ ಗೊತ್ತಾಗದು. ಪರಿಚಿತ ಮುಖದಲ್ಲಿ ತುಟಿಯ ಗೆರೆ ಕೊಂಚ ಆಚೀಚೆಯಾದರೂ ಕಣ್ಣು ತಕ್ಷಣ ಹಿಡಿಯುತ್ತದೆ.

● ರಾಣಿಯ ತಲೆಯ ಹಿಂದೆ ಎಳೆ ಬಿಡದ ರಂಗೋಲಿಯಂತೆ ಹರಡಿರುವ ಗೆರೆಗಳು ಕೈಯಿಂದ ಕೊರೆದವಲ್ಲ. ಅವು ಯಂತ್ರದ ಕೆಲಸ.

● ಕೊರೆದದ್ದು ಒಂದೇ ಮುಖ, ಹಾಳೆಯಲ್ಲಿ 240 ಚೀಟಿ. ಹೇಗೆ? ಕೊರೆದ ಉಕ್ಕಿನ ಅಚ್ಚನ್ನು ಕಾಯಿಸಿ ಗಟ್ಟಿ ಮಾಡುತ್ತಾರೆ. ಅದರ ಮೇಲೆ ಮೆದು ಉಕ್ಕಿನ ಉರುಳೆಯನ್ನು ಒತ್ತಿ ಉರುಳಿಸಿದರೆ ಚಿತ್ರ ಉರುಳೆಗೆ ಇಳಿಯುತ್ತದೆ. ಉರುಳೆಯನ್ನೂ ಗಟ್ಟಿ ಮಾಡಿ, ದೊಡ್ಡ ತಗಡಿನ ಮೇಲೆ 240 ಸಲ ಒತ್ತುತ್ತಾರೆ. ಈ ವಿಧಾನವನ್ನು ಇಂಗ್ಲೆಂಡಿಗೆ ತಂದದ್ದು ಅಮೆರಿಕದ ಜೇಕಬ್ ಪರ್ಕಿನ್ಸ್.

● ಕೆತ್ತನೆಗಾರ ಎಲ್ಲವನ್ನೂ ತಿರುವುಮುರುವಾಗಿ ಕೊರೆಯಬೇಕು, ಅದೂ ಚೀಟಿಯ ಅಳತೆಯಲ್ಲೇ. ಉಳಿ ಜಾರಿದರೆ ಅಳಿಸುವ ರಬ್ಬರ್ ಇಲ್ಲ. ಲೋಹವನ್ನು ಹಿಂಬದಿಯಿಂದ ತಟ್ಟಿ ಎಬ್ಬಿಸಿ, ಉಜ್ಜಿ ನಯ ಮಾಡಿ, ಮತ್ತೆ ಕೊರೆಯಬೇಕು.

ಕೊರೆದದ್ದೋ, ಅಲ್ಲವೋ?

● ಕೆತ್ತನೆಯ ಚೀಟಿಯನ್ನು ಬೆರಳೇ ಗುರುತಿಸುತ್ತದೆ. ಶಾಯಿ ಗೀರುಗಳ ಒಳಗೆ ನಿಂತು, ಭಾರೀ ಒತ್ತಡದಲ್ಲಿ ಕಾಗದಕ್ಕೆ ಏರುವುದರಿಂದ ಗೆರೆಗಳು ಉಬ್ಬಿರುತ್ತವೆ. ಸಂಶಯವೇ? ಬೆಲೆ ಇಲ್ಲದ ಬಳಸಿದ ಚೀಟಿಯೊಂದರ ಮೇಲೆ ತೆಳುವಾದ ಅಲ್ಯೂಮಿನಿಯಂ ಹಾಳೆ ಇಟ್ಟು ಬೆರಳಿಂದ ಮೆಲ್ಲಗೆ ಉಜ್ಜಿ ನೋಡಿ. ಗೆರೆಗಳು ಹಾಳೆಯ ಮೇಲೆ ಮೂಡುತ್ತವೆ.

● ಭೂತಗನ್ನಡಿಯಲ್ಲಿ ಆಫ್‌ಸೆಟ್ ಚೀಟಿಯ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಕೆತ್ತನೆಯ ಚೀಟಿಯಲ್ಲಿ ಕಾಣುವುದು ಕಡಿದ ಗೆರೆ. ನೆರಳು ಬೇಕಾದಲ್ಲಿ ಗೆರೆ ದಪ್ಪವಾಗುತ್ತದೆ, ಒತ್ತೊತ್ತಾಗುತ್ತದೆ, ಒಂದನ್ನೊಂದು ಅಡ್ಡ ಹಾಯುತ್ತದೆ.

● ಸ್ವತಂತ್ರ ಭಾರತದ ಹೆಸರಾಂತ 1948ರ ಗಾಂಧೀಜಿ ಚೀಟಿಗಳು ಕೆತ್ತನೆಯವಲ್ಲ! ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯ ಅವನ್ನು ಫೋಟೋಗ್ರಾವ್ಯೂರ್ ವಿಧಾನದಲ್ಲಿ ಮುದ್ರಿಸಿತು. ಅಲ್ಲಿ ಚಿತ್ರವನ್ನು ಅಚ್ಚಿಗೆ ಇಳಿಸುವುದು ಛಾಯಾಚಿತ್ರ ಮತ್ತು ರಾಸಾಯನಿಕ.

● ನಮ್ಮ ವಿಜಯಪುರದ ಗೋಳಗುಮ್ಮಟ 1949ರ 6 ಆಣೆ ಚೀಟಿಯಲ್ಲಿದೆ. ಕಟ್ಟಡದ ಗೆರೆಗಳನ್ನು ಕಂಡು ಕೆತ್ತನೆ ಎಂದುಕೊಂಡರೆ ಮೋಸಹೋದಿರಿ. ಅದೂ ಕೊರೆದ ಗೀರಿನಿಂದ ಮುದ್ರಿಸಿದ್ದಲ್ಲ.

ಹೆಸರು ಉಳಿಸಿದವರು, ಕಳೆದುಕೊಂಡವರು

● 1854ರ ಭಾರತದ ಅರ್ಧ ಆಣೆ ಚೀಟಿ ಕಲ್ಕತ್ತದ ಸರ್ವೇಯರ್ ಜನರಲ್ ಕಚೇರಿಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಆದರೆ ಅದರ ಮೂಲ ಅಚ್ಚನ್ನು ಕೊರೆದವರು ಭಾರತೀಯ ಕೆತ್ತನೆಗಾರ ಮುನಿರುದ್ದೀನ್. ಅವರ ಹೆಸರಿನ ಕಾಗುಣಿತ ಖಚಿತವಿಲ್ಲ ಎಂದು ಕ್ಯಾಟಲಾಗೇ ಬರೆಯುತ್ತದೆ.

● ಮಾರಿಷಸ್‌ನ 1847ರ ‘ಪೋಸ್ಟ್ ಆಫೀಸ್’ ಚೀಟಿಗಳನ್ನು ತಾಮ್ರದ ತಗಡಿನಲ್ಲಿ ಕೊರೆದ ಜೋಸೆಫ್ ಬಾರ್ನಾರ್ಡ್ ಜಾಣ. ರಾಣಿಯ ಕೊರಳಿನ ಅಂಚಿನಲ್ಲಿ ‘ಜೆ.ಬಿ.’ ಎಂದು ತನ್ನ ಮೊದಲಕ್ಷರಗಳನ್ನು ಸೇರಿಸಿಬಿಟ್ಟ. ಒಂದು ಪೆನ್ನಿ, ಎರಡು ಪೆನ್ಸ್, ತಲಾ 500 ಚೀಟಿ ಅಚ್ಚಾದವು. ಅವುಗಳಲ್ಲಿ ಎರಡು, ಬೊಂಬಾಯಿಯ ಬೈಬಲ್ ಸೊಸೈಟಿಗೆ ಬಂದ ಲಕೋಟೆಯೊಂದರ ಮೇಲಿದ್ದವು!

● ಜಪಾನಿನ ಮೊದಲ ಚೀಟಿಗಳು 1871ರ ‘ಡ್ರ್ಯಾಗನ್’ಗಳು. ಕೆತ್ತನೆಗಾರ ಮಾತ್ಸುದಾ ಆತ್ಸುತೊಮೊ ಉರುಳೆಯ ನೆರವಿಲ್ಲದೆ ಹಾಳೆಯ 40 ಚೀಟಿಗಳನ್ನೂ ತಾಮ್ರದ ಮೇಲೆ ಒಂದೊಂದಾಗಿ ಕೊರೆದರು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಬಿಡಿ ಚೀಟಿ ಸಿಕ್ಕರೆ, ಅದು ಹಾಳೆಯಲ್ಲಿ ಎಲ್ಲಿತ್ತು ಎಂದು ಸಂಗ್ರಾಹಕರು ಹೇಳಬಲ್ಲರು.

● ಕೇಪ್ ಆಫ್ ಗುಡ್ ಹೋಪ್‌ನ 1853ರ ತ್ರಿಕೋನ ಚೀಟಿ, ನ್ಯೂಜಿಲೆಂಡಿನ 1855ರ ಮೊದಲ ಚೀಟಿ, ಅದೇ ವರ್ಷ ತಿದ್ದಿದ ಬ್ರಿಟನ್ನಿನ ಪೆನ್ನಿ ರೆಡ್ ಅಚ್ಚು. ಮೂರರ ಹಿಂದೆಯೂ ಇದ್ದದ್ದು ಒಂದೇ ಕೈ: ವಿಲಿಯಂ ಹಂಫ್ರೀಸ್.

● ಅಮೆರಿಕದ 1918ರ 24 ಸೆಂಟ್ ಚೀಟಿಯಲ್ಲಿ ವಿಮಾನ ತಲೆಕೆಳಗಾಗಿ ಅಚ್ಚಾದ ಹಾಳೆಯೊಂದನ್ನು ವಿಲಿಯಂ ರೋಬಿ 24 ಡಾಲರಿಗೆ ಕೊಂಡ ಕಥೆ ಎಲ್ಲರಿಗೂ ಗೊತ್ತು. ವಿಮಾನ ಕೊರೆದ ಮಾರ್ಕಸ್ ಬಾಲ್ಡ್‌ವಿನ್ ಎಷ್ಟು ಜನರಿಗೆ ಗೊತ್ತು? ಅಮೆರಿಕದ ಸರ್ಕಾರಿ ಮುದ್ರಣಾಲಯದಲ್ಲಿ ಚಿತ್ರಕ್ಕೊಬ್ಬರು, ಅಕ್ಷರಕ್ಕೊಬ್ಬರು. ಚೀಟಿಯ ಮೇಲೆ ಯಾರ ಹೆಸರೂ ಇರುತ್ತಿರಲಿಲ್ಲ.

● ಫ್ರಾನ್ಸ್‌ನಲ್ಲಿ ತದ್ವಿರುದ್ಧ. ಚೀಟಿಯ ಕೆಳ ಅಂಚಿನಲ್ಲೇ ಹೆಸರು ಇರುತ್ತದೆ. ಸಾಮಾನ್ಯವಾಗಿ ಎಡಕ್ಕೆ ಚಿತ್ರಕಾರ, ಬಲಕ್ಕೆ ಕೆತ್ತನೆಗಾರ. ಎರಡೂ ಒಬ್ಬರದೇ ಕೆಲಸವಾದರೆ ಒಂದೇ ಹೆಸರು. ಹಲವು ದೇಶಗಳ ಚೀಟಿಗಳಲ್ಲಿ ಹೆಸರಿನ ಮುಂದೆ ‘ಎಸ್‌ಸಿ’ ಎಂಬ ಎರಡಕ್ಷರ ಕಂಡರೆ, ಕೊರೆದವರು ಅವರೇ.

● ಪಿಯೇರ್ ಗಾಂದೋನ್ 1945ರಲ್ಲಿ ಫ್ರಾನ್ಸ್‌ನ ಪ್ರತೀಕವಾದ ಮರಿಯಾನ್‌ಳನ್ನು ಕೊರೆದಾಗ ಮಾದರಿಯಾಗಿ ಕೂತವರು ಅವರ ಹೆಂಡತಿ! 1977ರ ‘ಸಬೀನ್’, 1982ರ ‘ಲಿಬೆರ್ತೆ’ ಚೀಟಿಗಳೂ ಗಾಂದೋನ್ ಅವರವೇ.

● 2018ರ ಮರಿಯಾನ್ ಇಬ್ಬರು ಮಹಿಳೆಯರ ಕೆಲಸ. ಬರೆದವರು ಬೀದಿಗೋಡೆಗಳ ಕಲಾವಿದೆ ಇಸೋಲ್ತ್ ದಿಗಾನ್, ಕೊರೆದವರು ಎಲ್ಸಾ ಕಾತೆಲಾನ್.

ಎಡವಟ್ಟುಗಳೂ ಉಂಟು

● 1937ರಲ್ಲಿ ಆನ್ರಿ ಶೆಫೇರ್ ಕೊರೆದ ಫ್ರೆಂಚ್ ಚೀಟಿಯಲ್ಲಿ ತತ್ವಜ್ಞಾನಿ ದೆಕಾರ್ತ್‌ನ ಚಿತ್ರವಿತ್ತು, ಜೊತೆಗೆ ಅವನ ಪುಸ್ತಕವೂ ಇತ್ತು. ಪುಸ್ತಕದ ಹೆಸರೇ ತಪ್ಪು! ತಿದ್ದಿದ ಚೀಟಿ ಅದೇ ವರ್ಷ ಬಂತು. ಸಂಗ್ರಾಹಕರಿಗೆ ಎರಡೂ ಬೇಕು.

● ಫಿಜಿಯ 1938ರ ಒಂದೂವರೆ ಪೆನ್ನಿ ಚೀಟಿಯಲ್ಲಿ ಹಾಯಿದೋಣಿ ತಾನೇ ತಾನಾಗಿ ಸಾಗುತ್ತಿತ್ತು, ಒಳಗೆ ನರಪಿಳ್ಳೆ ಇಲ್ಲ. ಮುಂದಿನ ಅಚ್ಚಿನಲ್ಲಿ ಒಬ್ಬ ಅಂಬಿಗನನ್ನು ಕೂರಿಸಿದರು.

ಸಾವಿರದ ಸರದಾರ

● ಚೆಸ್ವಾವ್ ಸ್ವಾನಿಯಾ 1921ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ, 1956ರಲ್ಲಿ ಸ್ವೀಡನ್ ಸೇರಿದರು. 2005ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಕೊರೆದ ಚೀಟಿಗಳು ಸಾವಿರ ದಾಟಿದ್ದವು. ಸಾವಿರನೆಯದು 2000ದಲ್ಲಿ ಸ್ವೀಡನ್ ಹೊರತಂದ ಹಿರಿಗಾತ್ರದ ಚೀಟಿ. ಸ್ವೀಡನ್ನಿನ ರಾಜರ ಸಾಹಸ ಸಾರುವ ಹಳೆಯ ಚಾವಣಿ ಚಿತ್ರವೇ ಅದರ ವಸ್ತು.

● ಅಮೆರಿಕ ಮತ್ತು ಮೊನಾಕೊ 1993ರಲ್ಲಿ ಜೊತೆಯಾಗಿ ನಟಿ ಗ್ರೇಸ್ ಕೆಲ್ಲಿಯ ಚೀಟಿ ಹೊರಡಿಸಿದಾಗ ಉಳಿ ಹಿಡಿದವರೂ ಸ್ವಾನಿಯಾ. ಪೋಲೆಂಡ್, ಸ್ವೀಡನ್, ಅಮೆರಿಕ, ಮೊನಾಕೊ: ನಾಲ್ಕು ದೇಶ, ಒಂದು ಪುಟ!

ಹೊಸಬರಿಗೆ ಮೂರು ಸುಳಿವು

● ಮೊದಲು ಚೀಟಿಯ ಅಂಚು ನೋಡಿ, ಆಮೇಲೆ ಹಾಳೆಯ ಅಂಚು. ಎರಡರಲ್ಲೂ ಹೆಸರಿಲ್ಲದಿದ್ದರೆ ಕ್ಯಾಟಲಾಗ್‌ನ ಸಣ್ಣ ಅಕ್ಷರ.

● ಒಬ್ಬರು ಕೆನ್ನೆಗೆ ಚುಕ್ಕೆ ಇಡುತ್ತಾರೆ, ಇನ್ನೊಬ್ಬರು ಬಾಗಿದ ಗೆರೆ ಎಳೆಯುತ್ತಾರೆ. ಹತ್ತಾರು ಮುಖಗಳನ್ನು ಭೂತಗನ್ನಡಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ಆ ವ್ಯತ್ಯಾಸ ಕಣ್ಣಿಗೆ ಕೂರುತ್ತದೆ. ಆದರೂ ಕೈ ಯಾರದೆಂದು ಬರೆದಿಡುವ ಮೊದಲು ಕ್ಯಾಟಲಾಗ್‌ನ ಸಾಕ್ಷಿ ಇರಲಿ.

● ದುಬಾರಿ ಚೀಟಿಗಳಿಂದ ಶುರು ಮಾಡಬೇಕಿಲ್ಲ. ಸ್ವೀಡನ್, ಫ್ರಾನ್ಸ್‌ಗಳ ಬಳಸಿದ ಸಾಮಾನ್ಯ ಚೀಟಿಗಳು ಅಗ್ಗಕ್ಕೆ ಸಿಗುತ್ತವೆ. ಅವುಗಳ ಮೇಲೂ ಸ್ವಾನಿಯಾ, ಗಾಂದೋನ್ ಅವರದೇ ಗೀರುಗಳಿವೆ.